ಊದಿದ ಮೊಣಕಾಲು: ಮೊದಲು ನೀರಿನ ಪರೀಕ್ಷೆ, ಆಮೇಲೆ ಮದ್ದು

ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವ ಹೊತ್ತಿಗೆ ಬೆಂಚಿನಲ್ಲಿ ಕುಳಿತೇ ಇರುವವರು, ಮುಂದಿನ ಬೆಂಚನ್ನು ಹಿಡಿದು ಅರ್ಧ ಬಗ್ಗಿ ನಿಲ್ಲುವವರು ನಮ್ಮಲ್ಲಿ ಅನೇಕರಿದ್ದಾರೆ. ಭಕ್ತಿ ಕಡಿಮೆಯಾಗಿ ಅಲ್ಲ, ಕಾಲು ಬಗ್ಗದೆ. ಅಡಿಕೆ ಹೆಕ್ಕಿ, ಸೊಪ್ಪಿನ ಹೊರೆ ಹೊತ್ತು, ಗುಡ್ಡದ ತೋಟವನ್ನು ಹತ್ತಿ ಇಳಿದು, ಹಟ್ಟಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆದು ದಣಿದ ಮೊಣಕಾಲುಗಳು ಅವು. ಏನಾಯಿತೆಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಗಂಟುನೋವು." ಮದ್ದೂ ಹೆಚ್ಚುಕಡಿಮೆ ಒಂದೇ: ತಿಕ್ಕಲು ಒಂದು ಎಣ್ಣೆ, ನುಂಗಲು ಪೇಟೆಯ ಮದ್ದಿನಂಗಡಿಯಿಂದ ತಂದ ನೋವಿನ ಗುಳಿಗೆ.

ಈ ಸಲದ ಪಾಠದಲ್ಲಿ ನಾವು ಹೇಳಹೊರಟಿರುವುದು ಒಂದೇ ಮಾತು. ಗಂಟುನೋವು ಎಂಬುದು ಒಂದು ರೋಗದ ಹೆಸರಲ್ಲ. ಹಲವು ಬೇರೆ ಬೇರೆ ರೋಗಗಳಿಗೆ ನಾವು ಇಟ್ಟುಕೊಂಡಿರುವ ಒಂದೇ ಹೆಸರು. ಅದರಲ್ಲೂ ಒಂದು ಗಂಟು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮುಟ್ಟಲಾರದಷ್ಟು ನೋಯತೊಡಗಿದರೆ ಅದರೊಳಗಿನ ನೀರನ್ನು ತೆಗೆಸಿ ಪರೀಕ್ಷೆ ಮಾಡಿಸಬೇಕು. ಮದ್ದಿನ ಮಾತು ಆಮೇಲಿನದು.

ಸೋಗೆ ಹಳದಿಯಾದರೆ ಒಂದೇ ಕಾರಣವೆ?

ಕೃಷಿಕರಿಗೆ ಈ ವಿಚಾರ ಹೊಸದಲ್ಲ. ಅಡಿಕೆ ಮರದ ಸೋಗೆ ಹಳದಿಯಾಯಿತೆಂದು ಇಟ್ಟುಕೊಳ್ಳಿ. ಬುಡದಲ್ಲಿ ನೀರು ನಿಂತಿರಬಹುದು. ಮಣ್ಣಿನಲ್ಲಿ ಪೋಷಕಾಂಶದ ಕೊರತೆ ಇರಬಹುದು. ಬೇರಿಗೆ ಹುಳ ಬಿದ್ದಿರಬಹುದು. ನಮ್ಮನ್ನೆಲ್ಲ ಹೆದರಿಸಿರುವ ಹಳದಿ ಎಲೆ ರೋಗವೇ ಆಗಿರಬಹುದು. ದೂರದಿಂದ ನೋಡಿದರೆ ಎಲ್ಲವೂ ಒಂದೇ ಹಳದಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಹಳದಿ ರೋಗದ ಮರಕ್ಕೆ ಎಷ್ಟು ಹೊಡೆದರೂ ಫಲವಿಲ್ಲ. ಅದಕ್ಕೇ ತಿಳಿದವರು ಮೊದಲು ಬುಡ ಬಿಡಿಸಿ ಬೇರು ನೋಡುತ್ತಾರೆ, ಮಣ್ಣು ಪರೀಕ್ಷೆ ಮಾಡಿಸುತ್ತಾರೆ.

ಮೊಣಕಾಲಿನ ವಿಷಯವೂ ಹೀಗೆಯೇ. ಹೊರಗಿನಿಂದ ಕಾಣುವುದು ಬಾವು, ಬಿಸಿ, ನೋವು. ಒಳಗಿರುವುದು ಕೀವೋ, ಹರಳೋ, ರಕ್ತವೋ, ಬರೀ ಸವೆತದ ನೀರೋ ಎಂಬುದನ್ನು ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲು ನುರಿತ ವೈದ್ಯರಿಗೂ ಆಗದು. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ನೀರಿನ ಗುಣ ಕಾಣುವುದಿಲ್ಲ. ಮರದ ವಿಷಯದಲ್ಲಿ ಬೇರು ಬಿಡಿಸಿ ನೋಡುವ ನಾವು ನಮ್ಮ ಕಾಲಿನ ವಿಷಯದಲ್ಲಿ ಮಾತ್ರ ಸೋಗೆ ನೋಡಿ ಮದ್ದು ಹೊಡೆಯುತ್ತೇವೆ.

ಕೀಲಿನೊಳಗಿನ ನೀರು ಎಂದರೇನು?

ಎರಡು ಎಲುಬುಗಳು ಸೇರುವ ಕೀಲಿನಲ್ಲಿ ಎಲುಬಿನ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಸುತ್ತಲೂ ಒಂದು ಚೀಲ. ಆ ಚೀಲದ ಒಳಪೊರೆಯಿಂದ ಒಸರುವ ನೀರೇ ಕೀಲುದ್ರವ. ಆರೋಗ್ಯವಂತರ ಮೊಣಕಾಲಿನಲ್ಲಿ ಅದು ಹೆಚ್ಚೆಂದರೆ 3–4 ಮಿಲಿಲೀಟರ್, ಅಂದರೆ ಒಂದು ಚಹಾ ಚಮಚವೂ ತುಂಬದಷ್ಟು. ಬಣ್ಣ ತಿಳಿ ಹುಲ್ಲಿನದು, ಅಂಟು ಮೊಟ್ಟೆಯ ಬಿಳಿಯದು. 16ನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ಯುರೋಪಿನ ವೈದ್ಯ ಬಳಸಿದ 'ಸೈನೋವಿಯಾ' ಎಂಬ ಹೆಸರೇ ಇಂದಿಗೂ ವೈದ್ಯರ ಬಾಯಲ್ಲಿದೆ.

ಈ ನೀರಿಗೆ ಎರಡು ಕೆಲಸ. ಒಂದು, ಗಾಡಿಯ ಅಚ್ಚಿಗೆ ಎಣ್ಣೆಯಂತೆ ಕೀಲನ್ನು ಸಲೀಸಾಗಿ ಆಡಿಸುವುದು. ಇನ್ನೊಂದು, ಮೃದ್ವಸ್ಥಿಗೆ ಆಹಾರ ಕೊಡುವುದು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ನಾವು ನಡೆದಾಡುವಾಗ ಒತ್ತಿ ಬಿಡುವ ಚಲನೆಯಿಂದಲೇ ಈ ನೀರು ಅದರೊಳಗೆ ಹೋಗಿ ಬಂದು ಅದನ್ನು ಸಾಕುತ್ತದೆ. ಆದುದರಿಂದ ನೀರು ಕೆಟ್ಟರೆ ಮೃದ್ವಸ್ಥಿ ಉಪವಾಸ ಬೀಳುತ್ತದೆ. ನೀರು ಕೀವಾದರೆ ಅದು ಕರಗಿಯೇ ಹೋಗುತ್ತದೆ. ಒಮ್ಮೆ ಹೋದ ಮೃದ್ವಸ್ಥಿ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಮುಂದೆ ನಾವು ಹೇಳುವ ಆತುರಕ್ಕೆಲ್ಲ ಇದೇ ಕಾರಣ.

ನೀರು ತೆಗೆಯುವುದು ಹೇಗೆ?

ರೋಗಿಯನ್ನು ಮಲಗಿಸಿ, ಮೊಣಕಾಲಿನ ಕೆಳಗೆ ಒಂದು ಬಟ್ಟೆಯ ಸುರುಳಿ ಇಡುತ್ತಾರೆ. ಚರ್ಮವನ್ನು ರೋಗಾಣುನಾಶಕದಿಂದ ಚೆನ್ನಾಗಿ ಒರೆಸಿ, ಸಣ್ಣ ಸೂಜಿಯಿಂದ ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಮತ್ತೆ ಮೊಣಚಿಪ್ಪಿನ ಬದಿಯಿಂದ ಸೂಜಿ ಹಾಕಿ ಸಿರಿಂಜಿಗೆ ನೀರನ್ನು ಎಳೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ನೀರು ಬಹಳ ತುಂಬಿದ್ದರೆ ತೆಗೆದ ಕೂಡಲೇ ಬಿಗಿತ ಇಳಿದು ರೋಗಿಗೆ ಹಾಯೆನಿಸುವುದುಂಟು. ಸೊಂಟದ ಕೀಲು ಆಳದಲ್ಲಿರುವುದರಿಂದ ಅಲ್ಲಿಗೆ ಸ್ಕ್ಯಾನಿಂಗ್ ನೋಡಿಕೊಂಡೇ ಸೂಜಿ ಹಾಕುತ್ತಾರೆ.

ಹೋಗುವವರು ಮೂರು ವಿಷಯಗಳನ್ನು ಮರೆಯದೆ ಹೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಈಗಾಗಲೇ ಯಾವುದಾದರೂ ಆ್ಯಂಟಿಬಯೋಟಿಕ್ ನುಂಗಿದ್ದರೆ ಅದನ್ನು. ಏಕೆಂದರೆ ನುಂಗಿದ ಮೇಲೆ ನೀರಿನಲ್ಲಿ ರೋಗಾಣು ಸಿಗುವುದು ಕಷ್ಟ. ಕೃತಕ ಮೊಣಕಾಲು ಹಾಕಿಸಿಕೊಂಡಿದ್ದರೆ ಅದನ್ನು. ಆ ಕೀಲಿಗೆ ಸಣ್ಣ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿಕೊಳ್ಳಬಾರದು, ಎಲುಬಿನ ಶಸ್ತ್ರವೈದ್ಯರ ಬಳಿಗೇ ಹೋಗಬೇಕು.

ಊದಿದ್ದೆಲ್ಲ ಕೀಲೇ ಎಂದೂ ತಿಳಿಯಬಾರದು. ಗಟ್ಟಿ ನೆಲದಲ್ಲಿ ಮೊಣಕಾಲೂರಿ ಕೆಲಸ ಮಾಡುವವರಿಗೆ ಚಿಪ್ಪಿನ ಮುಂದೆ, ಚರ್ಮದಡಿಯಲ್ಲಿರುವ ಸಣ್ಣ ಚೀಲವೊಂದು ಊದಿಕೊಳ್ಳುತ್ತದೆ. ಅದು ಕೀಲಿನ ಹೊರಗಿನದು. ಈ ವ್ಯತ್ಯಾಸವನ್ನು ವೈದ್ಯರು ಪರೀಕ್ಷಿಸಿ ತಿಳಿಯುತ್ತಾರೆ.

ಪ್ರಯೋಗಾಲಯದಲ್ಲಿ ಏನು ನೋಡುತ್ತಾರೆ?

ಮೊದಲ ಪರೀಕ್ಷೆ ಬರಿಗಣ್ಣಿನದು. ಸಿರಿಂಜಿನ ಆಚೆ ಇಟ್ಟ ಅಕ್ಷರ ಓದುವಷ್ಟು ನೀರು ತಿಳಿಯಾಗಿದೆಯೆ, ಮಂಜಾಗಿದೆಯೆ, ಗಂಜಿಯಂತಿದೆಯೆ, ಕೆಂಪಾಗಿದೆಯೆ? ಸೂಜಿಯಿಂದ ತೊಟ್ಟಿಕ್ಕಿಸಿದರೆ ನೂಲಿನಂತೆ ಉದ್ದಕ್ಕೆ ಇಳಿಯುತ್ತದೆಯೆ, ನೀರಿನಂತೆ ಟಪಟಪ ಬೀಳುತ್ತದೆಯೆ? ಒಳ್ಳೆಯ ಕೀಲುದ್ರವ ನೂಲೆಳೆಯುತ್ತದೆ. ಉರಿಯೂತವಿದ್ದರೆ ಅಂಟು ಕಳೆದುಕೊಂಡು ತೊಟ್ಟಿಕ್ಕುತ್ತದೆ.

ಎರಡನೆಯದು ಬಿಳಿ ರಕ್ತಕಣಗಳ ಎಣಿಕೆ. ಆರೋಗ್ಯದ ಕೀಲಿನಲ್ಲಿ ಒಂದು ಘನ ಮಿಲಿಮೀಟರಿನಲ್ಲಿ 200ಕ್ಕಿಂತ ಕಡಿಮೆ. ಸವೆತದ ಕೀಲಿನಲ್ಲಿ 2,000ದೊಳಗೆ. ಆಮವಾತ, ಗೌಟ್ ಮೊದಲಾದ ಉರಿಯೂತದಲ್ಲಿ 2,000ದಿಂದ 50,000ದವರೆಗೆ. 50,000 ಮೀರಿದರೆ ಕೀವಿನ ಸಂಶಯ ಬಲವಾಗುತ್ತದೆ. ಆದರೆ ಈ ಗಡಿಗಳು ಕಲ್ಲು ನೆಟ್ಟ ಗಡಿಗಳಲ್ಲ. ಕೀವಿನ ಕೀಲಿನಲ್ಲಿ ಆರಂಭದಲ್ಲಿ ಎಣಿಕೆ ಕಡಿಮೆ ಇರಬಹುದು, ಗೌಟ್‌ನಲ್ಲಿ ಬಹಳ ಏರಬಹುದು.

ಮೂರನೆಯದು ರೋಗಾಣುವಿನ ಹುಡುಕಾಟ. ಡೆನ್ಮಾರ್ಕಿನ ಗ್ರಾಂ ಎಂಬ ವೈದ್ಯ 1884ರಲ್ಲಿ ಪ್ರಕಟಿಸಿದ ಬಣ್ಣ ಹಾಕುವ ವಿಧಾನದಿಂದ ಸ್ವಲ್ಪ ಹೊತ್ತಿನಲ್ಲೇ ಒಂದು ಸುಳಿವು ಸಿಗುತ್ತದೆ. ಅದರಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ರೋಗಾಣು ಇಲ್ಲವೆಂದಲ್ಲ. ಆದುದರಿಂದ ನೀರನ್ನು ಕಲ್ಚರಿಗೆ ಹಾಕುತ್ತಾರೆ, ಅಂದರೆ ರೋಗಾಣುವಿಗೆ ಆಹಾರ ಕೊಟ್ಟು ಬೆಳೆಯಲು ಬಿಡುತ್ತಾರೆ. ಯಾವ ಬೆಳೆ ಬಂತು, ಯಾವ ಮದ್ದಿಗೆ ಅದು ಸಾಯುತ್ತದೆ ಎಂದು ಎರಡು ಮೂರು ದಿನಗಳಲ್ಲಿ ಗೊತ್ತಾಗುತ್ತದೆ.

ನಾಲ್ಕನೆಯದು ಹರಳಿನ ಪರೀಕ್ಷೆ. ಅಮೆರಿಕದ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲೆಂಡರ್ ಎಂಬ ವೈದ್ಯರು 1961ರಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಗೌಟ್ ರೋಗಿಗಳ ಕೀಲುದ್ರವವನ್ನು ನೋಡಿ, ಅದರಲ್ಲಿ ಸೂಜಿಯಾಕಾರದ ಯೂರೇಟ್ ಹರಳುಗಳನ್ನು ಗುರುತಿಸುವ ದಾರಿಯನ್ನು ತೋರಿಸಿದರು. ಮುದುಕರ ಮೊಣಕಾಲಿನಲ್ಲಿ ಸುಣ್ಣದ ಅಂಶವುಳ್ಳ ಬೇರೊಂದು ಬಗೆಯ ಹರಳು ಸಿಗುವುದೂ ಉಂಟು. ಅದರ ಬಾವು ಗೌಟ್‌ನಂತೆಯೇ ಕಂಡರೂ ರೋಗ ಬೇರೆ.

ಮೂರು ಮನೆ, ಮೂರು ಮೊಣಕಾಲು

ವಿಷಯ ಮನದಟ್ಟಾಗಲು ಮೂರು ಮನೆಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಕಾಲ ಆಟಿ ತಿಂಗಳು, ಬಿಡದ ಮಳೆ. ಮೂರು ಮನೆಗಳಲ್ಲೂ ಒಬ್ಬೊಬ್ಬರಿಗೆ ಒಂದು ಮೊಣಕಾಲು ಊದಿ ಬಿಸಿಯಾಗಿದೆ.

ಮೊದಲನೆಯ ಮನೆಯವರು ಸಕ್ಕರೆ ಕಾಯಿಲೆಯ ಹಿರಿಯರು. ವಾರದ ಹಿಂದೆ ಕಾಲಿಗೆ ಕತ್ತಿ ತಾಗಿತ್ತು; ಅದೇ ಗಾಯದಲ್ಲಿ ಕೆಸರಿನಲ್ಲಿ ಓಡಾಡಿದ್ದರು. ಜ್ವರ ಹೇಳುವಂಥದ್ದಿಲ್ಲ. ಮನೆಯವರು ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಸೂಜಿ ಹಾಕಿದಾಗ ಬಂದದ್ದು ಗಂಜಿಯಂಥ ಕೀವು. ಇದು ಕೀಲಿನೊಳಗಿನ ಸೋಂಕು. ಇಲ್ಲಿ ದಿನವಲ್ಲ, ಗಂಟೆಗಳ ಲೆಕ್ಕ. ಕೆಲವೇ ದಿನ ತಡವಾದರೂ ಮೃದ್ವಸ್ಥಿ ಶಾಶ್ವತವಾಗಿ ಹಾಳಾಗುತ್ತದೆ. ಸೋಂಕು ರಕ್ತಕ್ಕೆ ಏರಿದರೆ ಜೀವಕ್ಕೇ ಅಪಾಯ. ನೀರು ಮತ್ತು ರಕ್ತವನ್ನು ಕಲ್ಚರಿಗೆ ತೆಗೆದ ಕೂಡಲೇ ನರಕ್ಕೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಆರಂಭಿಸುತ್ತಾರೆ. ಕೀವನ್ನು ಮತ್ತೆ ಮತ್ತೆ ಸೂಜಿಯಿಂದ ತೆಗೆಯುತ್ತಾರೆ, ಇಲ್ಲವೇ ಶಸ್ತ್ರಕ್ರಿಯೆ ಮಾಡಿ ಕೀಲನ್ನು ತೊಳೆಯುತ್ತಾರೆ. ಮದ್ದು ಸಾಮಾನ್ಯವಾಗಿ 4ರಿಂದ 6 ವಾರ. ವೃದ್ಧರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಜ್ವರ ಬಾರದೆಯೂ ಕೀವಾಗಬಹುದು ಎಂಬುದನ್ನು ಮನೆಯವರು ಗಮನಿಸಬೇಕು.

ನಮ್ಮ ಕರಾವಳಿಯ ಕೃಷಿಕರಿಗೆ ಇಲ್ಲಿ ಇನ್ನೊಂದು ಮಾತು. ಮಳೆಗಾಲದ ಮಣ್ಣು ಮತ್ತು ಕೆಸರು ನೀರಿನಲ್ಲಿರುವ ಒಂದು ರೋಗಾಣುವಿನಿಂದ ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ಬರುತ್ತದೆ. ಕರಾವಳಿ ಕರ್ನಾಟಕದಲ್ಲೂ ಕೇರಳದಲ್ಲೂ ಇದು ಕಂಡುಬಂದಿದೆ. ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಹಿಡಿಯುತ್ತದೆ, ಶ್ವಾಸಕೋಶಕ್ಕಲ್ಲದೆ ಕೀಲಿಗೂ ಇಳಿಯುತ್ತದೆ. ಸಾಧಾರಣವಾಗಿ ಕೊಡುವ ಹಲವು ಆ್ಯಂಟಿಬಯೋಟಿಕ್‌ಗಳು ಇದಕ್ಕೆ ನಾಟುವುದಿಲ್ಲ. ಕಲ್ಚರಿನಲ್ಲಿ ರೋಗಾಣು ಗೊತ್ತಾದರೆ ಮಾತ್ರ ಸರಿಯಾದ ಮದ್ದು, ಅದೂ ತಿಂಗಳುಗಟ್ಟಲೆ. ಸಕ್ಕರೆ ಕಾಯಿಲೆ ಇರುವವರು ಕಾಲಿನಲ್ಲಿ ಗಾಯವಿರುವಾಗ ಬೂಟು ಹಾಕದೆ ಗದ್ದೆಗೂ ತೋಟದ ಕೆಸರಿಗೂ ಇಳಿಯಬಾರದು.

ಎರಡನೆಯ ಮನೆಯವರು 45ರ ಗಟ್ಟಿಮುಟ್ಟಾದ ಆಳು. ಮದುವೆಯ ಊಟವಾಗಿ ಎರಡು ದಿನ. ಹಂದಿ ಮಾಂಸ, ಬಿಯರು ಎರಡೂ ಧಾರಾಳವಾಗಿದ್ದವು. ನಡುರಾತ್ರಿ ನೋವು ಶುರುವಾಗಿ ಬೆಳಗಾಗುವುದರೊಳಗೆ ಹೊದಿಕೆ ತಾಗಿದರೂ ಸಹಿಸಲಾಗದು. ಹಿಂದೆ ಒಮ್ಮೆ ಕಾಲಿನ ಹೆಬ್ಬೆರಳು ಹೀಗೆಯೇ ಊದಿ ತಾನಾಗಿ ಇಳಿದಿತ್ತು. ಇವರ ನೀರು ಮಂಜಾಗಿದೆ, ಸೂಕ್ಷ್ಮದರ್ಶಕದಲ್ಲಿ ಸೂಜಿಯಂಥ ಹರಳುಗಳು ಕಂಡವು. ಇದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ನೋಡಿದರೆ ಸಾಕಲ್ಲವೆ ಎಂದು ಕೇಳಬಹುದು. ಸಾಲದು. ನೋವಿನ ದಿನಗಳಲ್ಲಿ ಅದು ಸರಿಯಾಗಿಯೇ ಕಾಣಬಹುದು. ಯೂರಿಕ್ ಆಮ್ಲ ಹೆಚ್ಚಿರುವ ಎಷ್ಟೋ ಮಂದಿಗೆ ಗೌಟ್ ಬರುವುದೇ ಇಲ್ಲ. ಹರಳು ಸಿಕ್ಕಿದರೂ ಕಲ್ಚರನ್ನು ಬಿಡುವುದಿಲ್ಲ, ಏಕೆಂದರೆ ಹರಳೂ ಕೀವೂ ಒಂದೇ ಕೀಲಿನಲ್ಲಿ ಇರಬಹುದು.

ಗೌಟ್‌ನ ನೋವನ್ನು ಇಳಿಸಲು ಕೆಲವು ದಿನಗಳ ಮದ್ದು ಸಾಕು. ಆದರೆ ನೋವು ಮರುಕಳಿಸುತ್ತಿದ್ದರೆ ಯೂರಿಕ್ ಆಮ್ಲವನ್ನು 6 ಮಿಲಿಗ್ರಾಮಿಗಿಂತ ಕೆಳಗೆ ಇರಿಸುವ ಅಲೋಪ್ಯೂರಿನಾಲ್‌ನಂಥ ಮದ್ದನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ನೋವಿಲ್ಲವೆಂದು ನಿಲ್ಲಿಸುವವರೇ ಮತ್ತೆ ಬೀಳುವವರು. ಮದ್ದು ಶುರುಮಾಡಿದ ಮೇಲೆ ಮೈಯಲ್ಲಿ ದದ್ದು ಎದ್ದರೆ ಮಾತ್ರ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬಿಯರು, ಸಾರಾಯಿ, ಲಿವರು, ಕೆಂಪು ಮಾಂಸ, ನಮ್ಮೆಲ್ಲರ ಪ್ರೀತಿಯ ಬೂತಾಯಿ ಮೀನು ಇವನ್ನು ಹಿಡಿತದಲ್ಲಿಡಬೇಕು. ಮಜ್ಜಿಗೆಗೆ ಅಡ್ಡಿಯಿಲ್ಲ.

ಮೂರನೆಯ ಮನೆಯಲ್ಲಿ ಒಬ್ಬ ಯುವತಿ. ಅವಳ ಮೊಣಕಾಲು ಊದಿ ನಾಲ್ಕು ತಿಂಗಳಾಯಿತು. ನೋವು ಅಷ್ಟಿಲ್ಲ, ತೊಡೆ ಮಾತ್ರ ಸೊರಗಿದೆ, ಸಂಜೆ ಸಣ್ಣ ಜ್ವರ, ತೂಕ ಇಳಿದಿದೆ. ಸಾಮಾನ್ಯ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಇಂಥಲ್ಲಿ ಕೀಲಿನ ಕ್ಷಯವನ್ನು ಸಂಶಯಿಸಬೇಕು. ಕ್ಷಯದ ರೋಗಾಣು ನಿಧಾನವಾಗಿ ಬೆಳೆಯುವಂಥದು, ಕಲ್ಚರಿಗೆ 6ರಿಂದ 8 ವಾರ ಬೇಕಾಗಬಹುದು. ಈಗ ರೋಗಾಣುವಿನ ವಂಶವಾಹಿಯನ್ನು ಯಂತ್ರದಲ್ಲಿ ಗುರುತಿಸುವ ಪರೀಕ್ಷೆಯಿದ್ದು, ಗಂಟೆಗಳಲ್ಲಿ ಉತ್ತರ ಸಿಗುತ್ತದೆ. ಅದರಲ್ಲೂ ಸಿಗದಿದ್ದರೆ ಕೀಲಿನ ಒಳಪೊರೆಯ ಚೂರನ್ನು ತೆಗೆದು ನೋಡುತ್ತಾರೆ. ಕ್ಷಯದ ಮದ್ದು ಸರಕಾರದಿಂದ ಉಚಿತ. ತಿಂಗಳುಗಟ್ಟಲೆ ಬಿಡದೆ ನುಂಗಿದರೆ ಗುಣವಾಗುತ್ತದೆ. ಇದು ಹಣೆಬರಹವೂ ಅಲ್ಲ, ಮದುವೆಯ ಮಾತಿಗೆ ಹೆದರಿ ಮುಚ್ಚಿಡಬೇಕಾದ ವಿಷಯವೂ ಅಲ್ಲ.

ಈಗ ಯೋಚಿಸಿ. ಈ ಮೂವರಿಗೂ ಒಂದೇ ಅಂಗಡಿಯ ಒಂದೇ ಗುಳಿಗೆ ಕೊಟ್ಟಿದ್ದರೆ? ಗುಳಿಗೆಯಲ್ಲಿ ಸ್ಟೀರಾಯ್ಡ್ ಇದ್ದರೆ ಎರಡನೆಯವರ ನೋವು ಮಾಯವಾಗುತ್ತಿತ್ತು. ಮೊದಲನೆಯವರ ಕೀವು ಕೆರಳುತ್ತಿತ್ತು. ಮೂರನೆಯವಳ ಕ್ಷಯ ಒಳಗೊಳಗೇ ಹರಡುತ್ತಿತ್ತು. ಒಬ್ಬನಿಗೆ ಮದ್ದಾದದ್ದು ಇಬ್ಬರಿಗೆ ವಿಷ.

ಹಟ್ಟಿಯನ್ನೂ ನೆನಪಿಡಿ

ದನ ಸಾಕುವವರು ವೈದ್ಯರಲ್ಲಿಗೆ ಹೋದಾಗ ಆ ಮಾತನ್ನೂ ಹೇಳಬೇಕು. ದನಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಕಾಯಿಸದ ಹಾಲಿನಿಂದಲೂ, ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಮನುಷ್ಯರಿಗೆ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಸೊಂಟ ಬೆನ್ನು ಮೊಣಕಾಲುಗಳ ನೋವು ಇದರ ಗುರುತು. ಈ ರೋಗಾಣುವೂ ನಿಧಾನವಾಗಿ ಬೆಳೆಯುವುದರಿಂದ ಪ್ರಯೋಗಾಲಯಕ್ಕೆ ಮೊದಲೇ ಸುಳಿವು ಬೇಕು. ಅಲ್ಲಿ ಕೆಲಸ ಮಾಡುವವರಿಗೂ ತಗಲಬಹುದಾದ ರೋಗವಿದು, ಅವರ ರಕ್ಷಣೆಗೂ ಈ ಮಾತು ಮುಖ್ಯ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕುತ್ತಾರೆ. ತಪ್ಪಿಸಬೇಡಿ.

ಕರುವಿನ ಗಂಟು ಊದುವುದನ್ನೂ ನಾವು ಕಂಡಿದ್ದೇವೆ. ಹುಟ್ಟಿದ ಕರುವಿನ ಹೊಕ್ಕುಳಲ್ಲಿ ಸೋಂಕು ಸೇರಿ, ರಕ್ತದ ಮೂಲಕ ಕಾಲಿನ ಗಂಟುಗಳಿಗೆ ಇಳಿದು ಕೀವಾಗುತ್ತದೆ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಮೊದಲ ಗಂಟೆಗಳಲ್ಲೇ ಗಿಣ್ಣುಹಾಲು ಕುಡಿಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಪಶುವೈದ್ಯರೂ ಇಂಥ ಗಂಟಿನಿಂದ ನೀರು ತೆಗೆದು ನೋಡುತ್ತಾರೆ. ಕರುವಿಗೆ ಪಶುವೈದ್ಯರನ್ನು ಕರೆಯಲು ಓಡುವ ನಾವು ಅಮ್ಮನ ಮೊಣಕಾಲಿಗೆ ತಿಂಗಳು ಕಾಯುವುದು ಸರಿಯೆ?

ಆಮವಾತ ಮತ್ತು ಸವೆತ

ಎರಡೂ ಕೈಗಳ ಬೆರಳ ಗಂಟುಗಳು, ಮಣಿಕಟ್ಟುಗಳು ಊದಿ, ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿದಿದ್ದರೆ ಅದು ಆಮವಾತ, ಅಂದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಇದರ ನಿರ್ಣಯ ಹೆಚ್ಚಾಗಿ ರಕ್ತಪರೀಕ್ಷೆಯಿಂದ ಆಗುತ್ತದೆ. ಆದರೆ ಆಮವಾತದ ರೋಗಿಗೆ ಒಂದೇ ಗಂಟು ಬೇರೆಲ್ಲಕ್ಕಿಂತ ಹೆಚ್ಚಾಗಿ ಊದಿದರೆ 'ಇದೂ ಅದೇ' ಎಂದು ಬಿಡಬಾರದು. ಅಲ್ಲಿ ಕೀವಾಗಿರಬಹುದು, ನೀರು ತೆಗೆದೇ ನೋಡಬೇಕು. ಆಮವಾತಕ್ಕೆ ಈಗ ಒಳ್ಳೆಯ ಮದ್ದುಗಳಿವೆ. ಅವುಗಳಲ್ಲಿ ಮುಖ್ಯವಾದ ಮೆಥೋಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ತಪ್ಪು ತಿಳಿದು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಓದು ಬಲ್ಲ ಮಕ್ಕಳು ಆ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಲಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಆಗಾಗ ರಕ್ತಪರೀಕ್ಷೆಯೂ ಬೇಕು.

ಸವೆತದ ಮೊಣಕಾಲು ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು. ನೀರು ತುಂಬಿದರೂ ಅದು ತಿಳಿಯಾಗಿ ನೂಲೆಳೆಯುತ್ತದೆ. ಇದಕ್ಕೆ ಮೊದಲ ಮದ್ದು ತೊಡೆಯ ಸ್ನಾಯುವನ್ನು ಬಲಪಡಿಸುವುದು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಮುಂದಕ್ಕೆ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸಿ. ದಿನಕ್ಕೆ ಕೆಲವು ಸಲ ಹೀಗೆ ಮಾಡಿ. ಹಾಲು ಕರೆಯಲು, ಅಡಿಕೆ ಸುಲಿಯಲು ಎತ್ತರದ ಸ್ಟೂಲು ಇಟ್ಟುಕೊಳ್ಳಿ. ಊರುಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ನಡೆಯಲಾಗದಷ್ಟು ಸವೆದವರಿಗೆ ಕೃತಕ ಮೊಣಕಾಲು ಹಾಕುವ ಶಸ್ತ್ರಕ್ರಿಯೆ ಇದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿದ್ದರಿಂದ ಖರ್ಚಿನ ಒಂದು ಭಾಗ ತಗ್ಗಿದೆ.

ತೋಟದಲ್ಲಿ ಜಾರಿ ಬಿದ್ದು ಅಥವಾ ಮರದಿಂದ ಬಿದ್ದು ಮೊಣಕಾಲು ಕೆಲವೇ ಗಂಟೆಗಳಲ್ಲಿ ಊದಿದರೆ ಒಳಗಿರುವುದು ಹೆಚ್ಚಾಗಿ ರಕ್ತ. ತೆಗೆದ ರಕ್ತದ ಮೇಲೆ ಎಣ್ಣೆಯ ಹನಿಗಳು ತೇಲಿದರೆ ಎಲುಬು ಒಳಗೆ ಬಿರುಕು ಬಿಟ್ಟಿದೆ ಎಂದು ಅರ್ಥ. ಎಲುಬಿನ ಮಜ್ಜೆಯ ಕೊಬ್ಬು ಅದು. ಇಂಥ ಕಾಲನ್ನು ತಿಕ್ಕಿಸುವುದು ದೊಡ್ಡ ತಪ್ಪು.

ಹೆಸರಿಲ್ಲದ ಗುಳಿಗೆ

ಅಮೆರಿಕದ ಫಿಲಿಪ್ ಹೆಂಚ್ ಎಂಬ ವೈದ್ಯರು 1948ರಲ್ಲಿ ಆಮವಾತದ ರೋಗಿಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. ಅದಕ್ಕಾಗಿ 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಬಹುಕಾಲ ಕೊಟ್ಟರೆ ಮುಖ ಊದುವುದು, ಎಲುಬು ಟೊಳ್ಳಾಗುವುದು, ಸಕ್ಕರೆ ಏರುವುದು, ಸೋಂಕಿಗೆ ದಾರಿಯಾಗುವುದು ಇವೆಲ್ಲ ಬೇಗನೆ ತಿಳಿದುಬಂತು. ಇದೇ ಸ್ಟೀರಾಯ್ಡ್. ವೈದ್ಯರ ಕೈಯಲ್ಲಿ ಬೆಲೆಬಾಳುವ ಮದ್ದು. ಚೀಟಿ ಇಲ್ಲದೆ ಪೊಟ್ಟಣದಲ್ಲಿ ಕಟ್ಟಿಕೊಡುವ ಪುಡಿಯಲ್ಲಿ, ಹೆಸರಿಲ್ಲದ ಗುಳಿಗೆಯಲ್ಲಿ ಕದ್ದು ಬೆರೆಸಿದರೆ ಅದೇ ಶತ್ರು. "ಒಂದೇ ದಿನದಲ್ಲಿ ನೋವು ಮಾಯ" ಎಂದು ಯಾರಾದರೂ ಹೊಗಳಿದರೆ ಸಂಶಯಪಡಿ. ಬಹಳ ದಿನ ತಿಂದವರು ದಿಢೀರನೆ ನಿಲ್ಲಿಸಬಾರದು, ವೈದ್ಯರಿಗೆ ಹೇಳಿ ಮೆಲ್ಲನೆ ಇಳಿಸಬೇಕು. ನೋವಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ಮೊಣಕಾಲಿನ ಎಣ್ಣೆ ತೆಗೆದರೆ ಕಾಲು ಬೇಗ ಸವೆಯುವುದಿಲ್ಲವೆ?* ಇಲ್ಲ. ತೆಗೆಯುವುದು ರೋಗದಿಂದ ಹೆಚ್ಚಾಗಿ ತುಂಬಿದ ನೀರು. ಬೇಕಾದಷ್ಟನ್ನು ಒಳಪೊರೆ ಮತ್ತೆ ಒಸರಿಸಿಕೊಳ್ಳುತ್ತದೆ.

*ತೆಗೆದರೂ ಮತ್ತೆ ತುಂಬುತ್ತದಲ್ಲ?* ಮೂಲ ರೋಗಕ್ಕೆ ಮದ್ದಾಗದಿದ್ದರೆ ತುಂಬುತ್ತದೆ. ಅದು ಸೂಜಿಯ ತಪ್ಪಲ್ಲ. ನೀರು ತೆಗೆಯುವುದು ಮುಖ್ಯವಾಗಿ ರೋಗ ತಿಳಿಯಲು.

*ಸೂಜಿಯಿಂದಲೇ ಸೋಂಕು ಬರುವುದಿಲ್ಲವೆ?* ಶುದ್ಧವಾಗಿ ಮಾಡಿದರೆ ಅದು ಬಹಳ ಅಪರೂಪ. ಕೀವಿದ್ದೂ ನೋಡದೆ ಬಿಡುವ ಅಪಾಯ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

*ಗಂಟಿಗೆ ಇಂಜೆಕ್ಷನ್ ಹಾಕಿಸಬಹುದೆ?* ಸೋಂಕಿಲ್ಲವೆಂದು ತಿಳಿದ ಮೇಲೆ, ವೈದ್ಯರು ಯೋಗ್ಯವೆಂದು ಕಂಡರೆ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಹಿತ ಕೊಡುತ್ತದೆ. ಒಂದೇ ಗಂಟಿಗೆ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ನೀರು ನೋಡದೆ, ಬಿಸಿಯಾಗಿ ಊದಿದ ಗಂಟಿಗೆ ಹಾಕಿಸಿಕೊಳ್ಳಲೇಬಾರದು.

ನೆನಪಿಡತಕ್ಕ ಅಂಶಗಳು

1. ಒಂದು ಗಂಟು ದಿಢೀರನೆ ಊದಿ, ಬಿಸಿಯಾಗಿ, ಆಡಿಸಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮರುದಿನ ಸಂತೆಯಿದ್ದರೂ, ಕೊಯ್ಲಿದ್ದರೂ.

2. ಅದನ್ನು ತಿಕ್ಕಬೇಡಿ, ಶಾಖ ಕೊಡಬೇಡಿ.

3. ನೀರಿನ ಪರೀಕ್ಷೆಯ ಮೊದಲು ಸ್ವಂತವಾಗಿ ಆ್ಯಂಟಿಬಯೋಟಿಕ್ ನುಂಗಬೇಡಿ.

4. ಜ್ವರವಿರುವ ಮಗು ಕಾಲನ್ನು ಊರದೆ, ಆಡಿಸದೆ, ಬಟ್ಟೆ ಬದಲಿಸುವಾಗ ಚೀರಿದರೆ ಸೊಂಟದ ಕೀಲಿನಲ್ಲಿ ಕೀವಾಗಿರಬಹುದು. ಒಂದು ರಾತ್ರಿಯೂ ಕಾಯಬೇಡಿ.

5. ಸಕ್ಕರೆ ಕಾಯಿಲೆ, ಇತ್ತೀಚಿನ ಗಾಯ, ಹಟ್ಟಿಯ ದನ, ತಿನ್ನುತ್ತಿರುವ ಮದ್ದು ಇವನ್ನೆಲ್ಲ ವೈದ್ಯರಿಗೆ ಹೇಳಿ. ಗುಳಿಗೆಯ ಖಾಲಿ ಪಟ್ಟಿಯನ್ನು ಜತೆಗೆ ಒಯ್ಯಿರಿ.

6. "ನೀರಿನಲ್ಲಿ ಏನು ಬಂತು? ಕಲ್ಚರಿಗೆ ಕಳುಹಿಸಿದ್ದೀರಾ?" ಎಂದು ವಿನಯದಿಂದ ಕೇಳಿ. ವರದಿಯನ್ನು ಜೋಪಾನವಾಗಿಡಿ.

ನೋವನ್ನು ತಾಳಿಕೊಳ್ಳುವುದು ನಮ್ಮ ಹಿರಿಯರು ಕಲಿಸಿದ ಗುಣ. ಶಿಲುಬೆಯ ಮುಂದೆ ನಿಂತು ನಾವು ಕಲಿತದ್ದೂ ಹೌದು. ಆದರೆ ಗುಣವಾಗುವ ರೋಗವನ್ನು ತಾಳ್ಮೆಯ ಹೆಸರಿನಲ್ಲಿ ಬೆಳೆಯಗೊಡುವುದು ತಾಳ್ಮೆಯಲ್ಲ. ಪವಿತ್ರ ಗ್ರಂಥದಲ್ಲಿ ಸಿರಾಖನು ಒಂದು ಅಧ್ಯಾಯದ ಮೊದಲ ಭಾಗವನ್ನೇ ವೈದ್ಯನಿಗೂ ಮದ್ದಿಗೂ ಮೀಸಲಿಟ್ಟಿರುವುದನ್ನು ನೆನೆಯೋಣ. ಮುಂದಿನ ಭಾನುವಾರ ನಿಮ್ಮ ಪಕ್ಕದ ಬೆಂಚಿನಲ್ಲಿ ಊದಿದ ಮೊಣಕಾಲನ್ನು ಒತ್ತಿಕೊಂಡು ಯಾರಾದರೂ ಕುಳಿತಿದ್ದರೆ, ಪೂಜೆ ಮುಗಿದ ಮೇಲೆ ಎಷ್ಟು ದಿನವಾಯಿತೆಂದು ವಿಚಾರಿಸಿ. ಬೇಕಾದರೆ ಜತೆಗೆ ಆಸ್ಪತ್ರೆಯ ತನಕ ಹೋಗಿ. ನೆರೆಯವರ ಸೇವೆಗೆ ಇದಕ್ಕಿಂತ ಹತ್ತಿರದ ದಾರಿ ನಮಗೆ ಕಾಣುವುದಿಲ್ಲ.